ಮಗುವಿನ ದುಡ್ಡು ಬೇಡ ಅನ್ನೋಕೆ ನಾವ್ಯಾರು?

"ಅಕ್ಕಾ, ಅವರ ದುಡ್ಡೂ ಬೇಡ, ಅವರ ಸಹವಾಸವೂ ಬೇಡ ಅಂತ ಬರೆದುಕೊಟ್ಟು ಬಂದೆ. ಮಗು ನನ್ನ ಹತ್ತಿರ ಇದ್ರೆ ಅಷ್ಟೇ ಸಾಕು."

ನಾಲ್ಕು ವರ್ಷದ ಹಿಂದೆ ಚಿಕ್ಕಮ್ಮನ ಮಗಳು ಫೋನಿನಲ್ಲಿ ಹೀಗೆ ಹೇಳಿದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯೇ ಆಗಿತ್ತು. ನಮ್ಮ ಬಳಗದಲ್ಲೆಲ್ಲ ಅವಳದೇ ಮಾತು. "ಎಂಥಾ ಸ್ವಾಭಿಮಾನಿ ನೋಡ್ರೀ, ಒಂದು ಪೈಸೆ ಮುಟ್ಟಲಿಲ್ಲ" ಅಂತ ಅತ್ತೆ ಕೂಡ ಹೊಗಳಿದ್ದರು. ಆಗ ಅವಳ ಮಗಳಿಗೆ ಮೂರು ವರ್ಷ. ಅವಳಿಗೆ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ, ಕೈಗೆ ಬರುತ್ತಿದ್ದದ್ದು ಹದಿನಾಲ್ಕು ಸಾವಿರ.

ಹೋದ ವರ್ಷ ಮೇ ತಿಂಗಳಲ್ಲಿ ಅವಳೇ ಮನೆಗೆ ಬಂದಳು. ಕಿವಿಯಲ್ಲಿ ಓಲೆ ಇರಲಿಲ್ಲ. ಕೇಳಿದರೆ ಮೊದಲು ಏನೇನೋ ಹೇಳಿ ತೇಲಿಸಿದಳು. ಕಾಫಿ ಕುಡಿಯುತ್ತಾ ಕೂತಾಗ ಬಾಯಿ ಬಿಟ್ಟಳು. ಮಗಳ ಶಾಲೆ ಫೀಸಿಗೆ ಅಡ ಇಟ್ಟಿದ್ದಾಳೆ! ಅದರ ಹಿಂದಿನ ತಿಂಗಳು ಮಗುವಿಗೆ ಕನ್ನಡಕ ಬೇರೆ ಆಗಿತ್ತು. ಅಪ್ಪ ಅನ್ನಿಸಿಕೊಂಡವನು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾನೆ. ಕಾರು ಬದಲಾಯಿಸಿದ್ದಾನೆ. ಅವನ ಜೇಬಿಗೆ ನಯಾಪೈಸೆ ಭಾರವಿಲ್ಲ, ಯಾಕೆಂದರೆ ಇವಳೇ ಬರೆದುಕೊಟ್ಟಿದ್ದಾಳಲ್ಲ. ಅವತ್ತು ನಾನು ಪಟ್ಟ ಹೆಮ್ಮೆಗೆ ನನಗೇ ನಾಚಿಕೆಯಾಯಿತು.

ಅಷ್ಟಕ್ಕೂ ಅವಳು ಹಾಗೆ ಬರೆದುಕೊಟ್ಟದ್ದು ಹೇಗೆ ಗೊತ್ತೇ? ಹಿರಿಯರೊಬ್ಬರ ಮನೆಯ ಹಾಲ್‌ನಲ್ಲಿ ಎರಡೂ ಕಡೆಯವರು ಕೂತಿದ್ದರಂತೆ. ಹುಡುಗನ ಕಡೆಯ ಮಾವ ಕೇಳಿದರಂತೆ: "ನೋಡಮ್ಮಾ, ನಿನಗೆ ಮಗು ಬೇಕೋ, ದುಡ್ಡು ಬೇಕೋ? ಎರಡೂ ಅಂದ್ರೆ ಆಗಲ್ಲ, ಕೋರ್ಟಲ್ಲಿ ಹತ್ತು ವರ್ಷ ಎಳೆದಾಡ್ತೀವಿ." ಇವಳು ಹೆದರಿ ಮಗು ಅಂದಳು. ಯಾವ ತಾಯಿ ತಾನೇ ಬೇರೆ ಉತ್ತರ ಕೊಟ್ಟಾಳು? ಅಲ್ಲಿದ್ದ ಇವಳ ಕಡೆಯವರೂ "ಗಲಾಟೆ ಮುಗೀಲಿ" ಅಂತ ಸುಮ್ಮನಾದರು.

ಆ ಪ್ರಶ್ನೆಯೇ ಮೋಸ. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್‌ನಲ್ಲೇ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದಿದೆ. ಮೂರು ವರ್ಷದ ಹೆಣ್ಣುಮಗು, ತಾಯಿ ಕೆಲಸದಲ್ಲಿದ್ದಾಳೆ, ಆರೋಗ್ಯವಾಗಿದ್ದಾಳೆ. ಕೋರ್ಟಿಗೆ ಹೋಗಿದ್ದರೂ ಮಗು ಬಹುಮಟ್ಟಿಗೆ ಅವಳ ಕೈಗೇ ಬರುತ್ತಿತ್ತು. ಅಂದರೆ ತನಗೆ ಹೇಗಿದ್ದರೂ ಸಿಗಬಹುದಾಗಿದ್ದದ್ದನ್ನೇ ಅವಳು ಬೆಲೆ ಕೊಟ್ಟು ಕೊಂಡುಕೊಂಡಳು. ಅದೂ ಸ್ವಂತ ದುಡ್ಡಲ್ಲ, ಮಗಳ ದುಡ್ಡು ಕೊಟ್ಟು.

ನಾನೇನು ವಕೀಲೆ ಅಲ್ಲ. ಬಿ.ಎ. ಮಾಡಿ, ಮದುವೆಯಾಗಿ, ಮನೆ ಮಕ್ಕಳು ನೋಡಿಕೊಂಡು, ಬಿಡುವಾದಾಗ ಬರೆಯುವವಳು. ಆದರೆ ತಂಗಿಯ ಜೊತೆ ವಕೀಲರ ಆಫೀಸು, ಕೋರ್ಟು ಅಂತ ಒಂದು ವರ್ಷ ಅಲೆದ ಮೇಲೆ ಗೊತ್ತಾಗಿದ್ದು ಏನೆಂದರೆ, ಡೈವೋರ್ಸ್ ಬಗ್ಗೆ ನಾವು ಹೆಂಗಸರು ನಂಬಿಕೊಂಡಿರುವುದರಲ್ಲಿ ಅರ್ಧ ಕಟ್ಟೆಪುರಾಣ.

ಮೊದಲನೆಯದು, "ಐದು ವರ್ಷ ಆಗಲಿ, ಆಮೇಲೆ ಮಗು ಅಪ್ಪನದೇ" ಅನ್ನುವ ಮಾತು. ಇದನ್ನು ಹೇಳಿ ಹೆದರಿಸದ ಅತ್ತೆ ಮನೆ ಇಲ್ಲ. ಅದೇ ಸೆಕ್ಷನ್ ತಂದೆಯನ್ನು ಸಹಜ ಪೋಷಕ, ಅವನ ನಂತರ ತಾಯಿ ಎಂದು ಹೇಳುವುದು ನಿಜ. (ಬರೆದವರು ಯಾರೋ ಗಂಡಸರೇ ಇರಬೇಕು ಬಿಡಿ.) ಆದರೆ 1999ರಲ್ಲಿ ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕ್ ವಿರುದ್ಧ ಹೂಡಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ 'ನಂತರ' ಅನ್ನುವ ಪದಕ್ಕೆ ತಂದೆ ಸತ್ತ ನಂತರ ಎಂದೇ ಅರ್ಥ ಮಾಡಬೇಕಾಗಿಲ್ಲ, ತಂದೆ ಮಗುವಿನ ಜವಾಬ್ದಾರಿ ನೋಡದೆ ಇದ್ದಾಗಲೂ ತಾಯಿಯೇ ಪೋಷಕಿ ಎಂದು ಹೇಳಿತು. ಎಲ್ಲಕ್ಕಿಂತ ಮುಖ್ಯವಾಗಿ ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಐದು ತುಂಬಿದ ದಿನ ಮಗು ತಾನಾಗಿ ಯಾರ ಮನೆಗೂ ವರ್ಗವಾಗುವುದಿಲ್ಲ. ಅಪ್ಪ ಬೇಕು ಅಂದರೆ ಅರ್ಜಿ ಹಾಕಬೇಕು, ಮಗುವಿಗೆ ಅಲ್ಲಿ ಒಳ್ಳೆಯದಾಗುತ್ತದೆ ಎಂದು ಜಡ್ಜ್‌ಗೆ ಒಪ್ಪಿಸಬೇಕು.

ಮುಸ್ಲಿಮರಲ್ಲಿ ಹನಫಿ ಪದ್ಧತಿಯಂತೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುತ್ತದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ಎಲ್ಲ ಧರ್ಮದವರಿಗೂ ಅನ್ವಯಿಸುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ನಡೆಯುತ್ತಿದೆ. ಯಾವ ಕಾಯ್ದೆಯಡಿ ಹೋದರೂ ಕೋರ್ಟು ಕೊನೆಗೆ ಬಂದು ನಿಲ್ಲುವುದು ಮಗುವಿನ ಹಿತದ ಹತ್ತಿರವೇ.

ಹಿತ ಅಂದರೇನು? ಯಾರ ಮನೆ ದೊಡ್ಡದು, ಯಾರ ಮನೆಯಲ್ಲಿ ಎ.ಸಿ. ಇದೆ ಅನ್ನುವುದಲ್ಲ. ಮಗುವಿಗೆ ಊಟ ಮಾಡಿಸಿದ್ದು ಯಾರು, ಜ್ವರ ಬಂದಾಗ ರಾತ್ರಿ ಎದ್ದು ಕೂತವರು ಯಾರು, ಪೇರೆಂಟ್ಸ್ ಮೀಟಿಂಗಿಗೆ ಹೋದವರು ಯಾರು, ಈಗಿನ ಶಾಲೆ ಬಿಡಿಸಿದರೆ ಮಗುವಿನ ಮೇಲೆ ಏನು ಪರಿಣಾಮ, ಮನೆಯಲ್ಲಿ ಕುಡಿತ ಹೊಡೆತ ಇದೆಯೇ... ಇಂಥವನ್ನು ನೋಡುತ್ತಾರೆ. ಮಗು ಸ್ವಲ್ಪ ದೊಡ್ಡದಾಗಿದ್ದು ತಿಳಿವಳಿಕೆಯಿಂದ ಮಾತಾಡಬಲ್ಲುದಾದರೆ ಜಡ್ಜ್ ಅದರ ಇಷ್ಟವನ್ನೂ ಪರಿಗಣಿಸಬಹುದು. ಎಷ್ಟೋ ಸಲ ತಮ್ಮ ಚೇಂಬರಿಗೆ ಕರೆದು ಮಾತಾಡಿಸುತ್ತಾರೆ. ಹಾಗಂತ "ಅಪ್ಪ ಕೆಟ್ಟೋನು ಅಂತ ಹೇಳು ಪುಟ್ಟಾ" ಎಂದು ಬಾಯಿಪಾಠ ಮಾಡಿಸಿ ಕಳಿಸಬೇಡಿ. ಎರಡು ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ ಎಂದು ನಮ್ಮ ವಕೀಲರು ನಗುತ್ತಿದ್ದರು.

ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ಪರಿಸ್ಥಿತಿ ಬದಲಾದರೆ ಯಾರು ಬೇಕಾದರೂ ಮತ್ತೆ ಅದೇ ಕೋರ್ಟಿಗೆ ಹೋಗಿ ಬದಲಾಯಿಸಲು ಕೇಳಬಹುದು. ಹಾಗಾಗಿ "ಬರೆದುಕೊಟ್ಟಾಯ್ತು, ಇನ್ನೇನು ಮಾಡೋಕಾಗುತ್ತೆ" ಎಂದು ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ.

ಈಗ ದುಡ್ಡಿನ ವಿಷಯ. ನಮ್ಮಲ್ಲಿ ಜೀವನಾಂಶ ಅಂದಕೂಡಲೇ ಅದೇನೋ ಬಿಟ್ಟ ಹೆಂಡತಿ ಕೈಚಾಚಿ ಬೇಡುವ ಭಿಕ್ಷೆ ಅನ್ನುವ ಭಾವನೆ. ಹೆಂಡತಿಗೆ ಕೊಡುವುದು ಬೇರೆ, ಮಗುವಿಗೆ ಕೊಡುವುದು ಬೇರೆ. ನಿಮ್ಮ ಪಾಲು ನಿಮಗೆ ಬೇಡ ಅನ್ನಿಸಿದರೆ ಅದು ನಿಮ್ಮಿಷ್ಟ. ಆದರೆ ಮಗುವಿನ ಪಾಲು ಮಗುವಿನ ಹಕ್ಕು. ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೆ ಇಲ್ಲ. ಒಪ್ಪಂದದಲ್ಲಿ ತಾಯಿ ಬೇಡ ಎಂದು ಸಹಿ ಹಾಕಿದ್ದರೂ ಮಗುವಿನ ಪರವಾಗಿ ಮತ್ತೆ ಕೇಳಬಹುದು. ನನ್ನ ತಂಗಿಗೆ ಈ ಒಂದು ಮಾತು ನಾಲ್ಕು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ!

ಎಲ್ಲಿ ಕೇಳುವುದು? ಮದುವೆ ಕೇಸು ನಡೆದ ಕೋರ್ಟಿನಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಕೇಳಬಹುದು. ಹಿಂದೆ ಎಲ್ಲರ ಬಾಯಲ್ಲಿದ್ದ ಸಿ.ಆರ್.ಪಿ.ಸಿ. 125 ಇತ್ತಲ್ಲ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಬಂದಿದೆ. ಹೆಸರು ನಂಬರು ಬದಲು, ಹೂರಣ ಹೆಚ್ಚುಕಡಿಮೆ ಅದೇ. ಗಂಡ ಇರುವ ಊರಿಗೇ ಓಡಬೇಕಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ಹೊಡೆತ ಬಡಿತ ಇದ್ದ ಮನೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಖರ್ಚಿನ ಹಣ ಮತ್ತು ಮಗುವಿನ ತಾತ್ಕಾಲಿಕ ಕಸ್ಟಡಿ ಎರಡನ್ನೂ ಕೇಳಬಹುದು. ವಕೀಲರ ಫೀಸಿಗೆ ದುಡ್ಡಿಲ್ಲ ಅಂದುಕೊಂಡು ಹಿಂಜರಿಯುವವರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಇದರ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ನಾವು ಹೋಗಿದ್ದು ಹೀಗೇ.

ಎಷ್ಟು ಕೊಡುತ್ತಾರೆ? ಮಗುವಿಗೆ ಇಂತಿಷ್ಟು ಪರ್ಸೆಂಟ್ ಎಂಬ ಕಟ್ಟುನಿಟ್ಟಿನ ಲೆಕ್ಕ ಇಲ್ಲ. ಊಟ, ಬಟ್ಟೆ, ಬಾಡಿಗೆ, ಔಷಧಿ, ಶಾಲೆ, ಅಪ್ಪನ ಆದಾಯ, ಅಮ್ಮನ ಆದಾಯ, ಮಗು ಈವರೆಗೆ ಬೆಳೆದ ರೀತಿ, ಎಲ್ಲ ನೋಡುತ್ತಾರೆ. ಇಲ್ಲಿ ನಮಗೆ ದೊಡ್ಡ ಉಪಕಾರ ಮಾಡಿದ್ದು 2020ರ ನವೆಂಬರ್‌ನಲ್ಲಿ ರಜನೀಶ್-ನೇಹಾ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಅದರಂತೆ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಸಂಬಳ ಎಲ್ಲದರ ವಿವರವನ್ನು ಅಫಿಡವಿಟ್ ಮಾಡಿ ಕೋರ್ಟಿಗೆ ಕೊಡಬೇಕು. ಜೀವನಾಂಶ ಲೆಕ್ಕವಾಗುವುದು ತೀರ್ಪು ಬಂದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ಆದ್ದರಿಂದ ಇನ್ನೊಂದು ಯುಗಾದಿ ಕಳೀಲಿ, ಇನ್ನೊಂದು ದೀಪಾವಳಿ ಕಳೀಲಿ ಎಂದು ಮುಂದೂಡುವ ಪ್ರತಿ ತಿಂಗಳೂ ಮಗುವಿಗೆ ನಷ್ಟವೇ.

"ನೀನೂ ದುಡಿತೀಯಲ್ಲ, ಮತ್ತೆ ನಾನ್ಯಾಕೆ ಕೊಡಲಿ?" ತಂಗಿಯ ಗಂಡ (ಮಾಜಿ ಅನ್ನಬೇಕು, ನಾಲಿಗೆ ಇನ್ನೂ ಹೊರಳುವುದಿಲ್ಲ) ಕೇಳಿದ್ದು ಇದನ್ನೇ. ಪ್ರಶ್ನೆ ಪೂರ್ತಿ ತಪ್ಪಲ್ಲ. ಅಮ್ಮನೂ ದುಡಿಯುತ್ತಿದ್ದರೆ ಅವಳೂ ಕೊಡಬೇಕು. 2000ನೇ ಇಸವಿಯ ಒಂದು ಪ್ರಕರಣದಲ್ಲಿ ಇಬ್ಬರೂ ಕೆಲಸದಲ್ಲಿದ್ದಾಗ ಸುಪ್ರೀಂ ಕೋರ್ಟ್ ಅವರವರ ಸಂಬಳ ನೋಡಿ, ಮಕ್ಕಳ ಖರ್ಚಿನಲ್ಲಿ ತಂದೆ ಎರಡು ಪಾಲು, ತಾಯಿ ಒಂದು ಪಾಲು ಎಂದು ಹಂಚಿತ್ತು. ಇದು ನ್ಯಾಯ ಅಂತ ನನಗೂ ಅನ್ನಿಸುತ್ತದೆ. ಆದರೆ ಗಮನಿಸಿ, ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವುದು, ಹೋಂವರ್ಕ್ ಮಾಡಿಸುವುದು, ಮಗುವಿಗೆ ಹುಷಾರಿಲ್ಲ ಎಂದು ರಜೆ ಹಾಕಿ ಸಂಬಳ ಕಳೆದುಕೊಳ್ಳುವುದು ಯಾವ ಅಫಿಡವಿಟ್‌ನ ಯಾವ ಕಾಲಮ್ಮಿನಲ್ಲಿ ಬರುತ್ತದೆ? ಅದನ್ನು ನಾವೇ ಬರೆದು, ಬಾಯಿಬಿಟ್ಟು ಹೇಳಬೇಕು. ಹೆಂಗಸರು ಲೆಕ್ಕ ಇಡುವುದಿಲ್ಲ ಅನ್ನುವುದೇ ನಮ್ಮ ದೊಡ್ಡ ರೋಗ. ಹಾಲಿನವನ ಲೆಕ್ಕ ಕ್ಯಾಲೆಂಡರಿನಲ್ಲಿ ಗೀಚುತ್ತೇವೆ, ಮಗುವಿನ ಖರ್ಚಿನ ರಸೀದಿ ಎಸೆಯುತ್ತೇವೆ! ತಂಗಿಯ ಹತ್ತಿರ ಕನ್ನಡಕದ ಬಿಲ್ಲೂ ಇರಲಿಲ್ಲ. ಅಂಗಡಿಗೆ ಹೋಗಿ ಕೇಳಿ ಬರೆಸಿಕೊಂಡು ಬಂದೆವು.

"ಕೆಲಸ ಹೋಯ್ತು, ನನ್ನ ಹತ್ರ ಏನೂ ಇಲ್ಲ" ಅನ್ನುವವರೂ ಇದ್ದಾರೆ. ಕೈಕಾಲು ಗಟ್ಟಿಯಿರುವ ಗಂಡಸು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟು ಬರುತ್ತದೆ, ಬಾಕಿಯಿರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲೂ ಆಗಬಹುದು. ಜೈಲಿಗೆ ಹೋಗಿಬಂದರೆ ಬಾಕಿ ತೀರಿತು ಅಂತಲೂ ಅಲ್ಲ, ಅದು 1989ರಲ್ಲೇ ತೀರ್ಮಾನವಾಗಿದೆ. ಒಂದು ಎಚ್ಚರ ಮಾತ್ರ ಇರಲಿ. ಹಣ ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. "ಇರಲಿ, ಕೊಡ್ತಾರೆ" ಎಂದು ಎರಡು ವರ್ಷ ಕಾದರೆ ಹಳೆಯ ಬಾಕಿಗೆ ಈ ವಾರಂಟಿನ ದಾರಿ ಮುಚ್ಚಿಹೋಗುತ್ತದೆ.

ಹದಿನೆಂಟಕ್ಕೆ ಎಲ್ಲ ಮುಗಿಯಿತು ಅಂದುಕೊಳ್ಳುವ ಹೆಣ್ಣುಮಕ್ಕಳ ತಾಯಂದಿರಿಗೂ ಹೇಳಬೇಕು. ಮದುವೆಯಾಗದ, ತನ್ನ ಖರ್ಚು ತಾನು ನೋಡಿಕೊಳ್ಳಲಾಗದ ಹಿಂದೂ ಮಗಳಿಗೆ ಆಮೇಲೂ ತಂದೆಯಿಂದ ಜೀವನಾಂಶ ಕೇಳುವ ಹಕ್ಕು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಇದೆ.

ಪರಸ್ಪರ ಒಪ್ಪಿಗೆಯ ಡೈವೋರ್ಸ್ ಆದರೆ ಆ ಜಂಟಿ ಅರ್ಜಿಗೆ ಸಹಿ ಹಾಕುವ ಮುಂಚೆ ದಯವಿಟ್ಟು ಒಂದು ರಾತ್ರಿ ಕೂತು ಓದಿ. ಮಗು ಯಾರ ಬಳಿ, ರಜೆಯಲ್ಲಿ ಎಲ್ಲಿ, ಹಬ್ಬ ಯಾರ ಮನೆಯಲ್ಲಿ, ಫೀಸು ಯಾರು ಯಾವ ತಿಂಗಳು ಕಟ್ಟಬೇಕು, ಆಸ್ಪತ್ರೆ ಖರ್ಚು ಬಂದರೆ ಯಾರದು, ಪ್ರತಿ ವರ್ಷ ಮೊತ್ತ ಎಷ್ಟು ಹೆಚ್ಚಬೇಕು, ಎಲ್ಲ ಬರೆಸಿ. ಎಲ್.ಕೆ.ಜಿ.ಯಲ್ಲಿದ್ದಾಗ ಬರೆಸಿದ ಮೂರು ಸಾವಿರ ಎಸ್ಸೆಸ್ಸೆಲ್ಸಿ ಹೊತ್ತಿಗೆ ಯಾವ ಮೂಲೆಗೆ? ಒಂದೇ ಗಂಟಿನಲ್ಲಿ ಕೊಡುತ್ತೇವೆ ಅಂದರೆ ಮಗುವಿನ ಹೆಸರಿನಲ್ಲಿ ಡೆಪಾಸಿಟ್ ಇಡಿಸಿ. ಅಣ್ಣನ ಬಿಸಿನೆಸ್ಸಿಗೆ ಕೊಟ್ಟು ಕಳೆದುಕೊಂಡವರನ್ನೂ ನೋಡಿದ್ದೇನೆ.

ಇಷ್ಟೆಲ್ಲ ಗಂಡಸರ ಮೇಲೆ ಹೇಳಿದ ಮೇಲೆ ನಮ್ಮ ತಟ್ಟೆಯಲ್ಲಿರುವ ಹೆಗ್ಗಣದ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ತಂಗಿ "ಅವರ ಸಹವಾಸವೂ ಬೇಡ" ಅಂದಳಲ್ಲ, ಅದನ್ನು ಅಕ್ಷರಶಃ ಪಾಲಿಸಿದ್ದಳು. ಒಪ್ಪಂದದಲ್ಲಿ ತಿಂಗಳಿಗೆ ಎರಡು ಭಾನುವಾರ ಅಪ್ಪ ಮಗಳನ್ನು ನೋಡಬಹುದು ಎಂದಿತ್ತು. ಮೊದಮೊದಲು ಅವನು ಬರುತ್ತಿದ್ದ. ಇವಳು ಒಮ್ಮೆ ಮಗುವಿಗೆ ನೆಗಡಿ ಅಂದಳು, ಒಮ್ಮೆ ಊರಿಗೆ ಹೋಗಿದ್ದೀವಿ ಅಂದಳು, ಒಮ್ಮೆ ಬಾಗಿಲೇ ತೆಗೆಯಲಿಲ್ಲ. ಅವನಿಗೂ ಅದೇ ಬೇಕಿತ್ತೋ ಏನೋ, ಬರುವುದು ನಿಲ್ಲಿಸಿದ. "ದುಡ್ಡು ಕೊಡದ ಅಪ್ಪನಿಗೆ ಮಗು ಯಾಕೆ ತೋರಿಸಬೇಕು?" ಎಂದು ಚಿಕ್ಕಮ್ಮನೂ ದನಿಗೂಡಿಸಿದರು. ಅತ್ತ ಅವನು "ಮಗು ತೋರಿಸದವಳಿಗೆ ದುಡ್ಡು ಯಾಕೆ?" ಅಂದ. ಈ ಎರಡು ಪ್ರಶ್ನೆಗಳ ನಡುವೆ ನಿಂತಿದ್ದು ಒಂದು ಪುಟ್ಟ ಹುಡುಗಿ.

ಕೋರ್ಟು ಇವೆರಡನ್ನೂ ಒಂದಕ್ಕೊಂದು ಗಂಟು ಹಾಕುವುದಿಲ್ಲ. ದುಡ್ಡು ಬಾಕಿ ಇದೆ ಎಂದು ಭೇಟಿ ತಡೆಯುವಂತಿಲ್ಲ, ಭೇಟಿ ಸಿಗಲಿಲ್ಲ ಎಂದು ದುಡ್ಡು ನಿಲ್ಲಿಸುವಂತಿಲ್ಲ. ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ದೂರ ಇರುವವರು ವಿಡಿಯೊ ಕಾಲ್‌ನಲ್ಲಾದರೂ ಮಾತಾಡಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿಗೆ ಅಪ್ಪನಿಂದ ನಿಜವಾದ ಅಪಾಯ ಇದ್ದರೆ ಮಾತು ಬೇರೆ. ಆಗ ಕೋರ್ಟಿಗೆ ಹೇಳಿ, ಇನ್ನೊಬ್ಬರ ಎದುರಿನಲ್ಲೇ ಭೇಟಿ ಆಗುವಂತೆ ಕೇಳಬಹುದು. ಸುಮ್ಮನೆ ಸಿಟ್ಟಿಗೆ ಬಾಗಿಲು ಹಾಕಿಕೊಂಡರೆ ಅದು ನಾಳೆ ಕಸ್ಟಡಿ ಕೇಸಿನಲ್ಲಿ ನಿಮ್ಮ ವಿರುದ್ಧವೇ ಬರುತ್ತದೆ.

2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿತ್ತು. ಜನವರಿಯಿಂದ ಜೂನ್‌ವರೆಗೆ ಮಗು ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್‌ವರೆಗೆ ಅಮ್ಮನ ಹತ್ತಿರ, ಖರ್ಚು ಇಬ್ಬರದೂ ಸಮ ಎಂದು ಆದೇಶಿಸಿತು. 2015ರಲ್ಲಿ ಕಾನೂನು ಆಯೋಗವೂ ಇಂಥ ಜಂಟಿ ಕಸ್ಟಡಿಗೆ ಅವಕಾಶ ಇರಬೇಕು ಎಂದು ಶಿಫಾರಸು ಮಾಡಿತು. ಕೇಳಲು ಚೆನ್ನಾಗಿದೆ. ಇಬ್ಬರೂ ಒಂದೇ ಊರಿನಲ್ಲಿದ್ದು, ಕನಿಷ್ಠ ಮುಖ ಕೊಟ್ಟು ಮಾತಾಡುವಷ್ಟು ಸೌಜನ್ಯ ಉಳಿದಿದ್ದರೆ ಸರಿ. ಆದರೆ ಆರು ತಿಂಗಳಿಗೊಮ್ಮೆ ಮಗು ತನ್ನ ಚಪ್ಪಲಿ, ಪುಸ್ತಕ, ಗೊಂಬೆ ಗಂಟು ಕಟ್ಟಿಕೊಂಡು ಮನೆ ಬದಲಾಯಿಸುವುದನ್ನು ನೆನೆಸಿಕೊಂಡರೆ ನನಗೆ ಯಾಕೋ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು ಹಳೇ ಕಾಲದವಳು ಅನ್ನಿ, ಪರವಾಗಿಲ್ಲ.

ತಂಗಿಯ ಅರ್ಜಿ ಇನ್ನೂ ನಡೆಯುತ್ತಿದೆ. ಮಗಳಿಗೆ ತಿಂಗಳಿಗೆ ಏಳು ಸಾವಿರ ಮಧ್ಯಂತರ ಜೀವನಾಂಶ ಆಗಿದೆ. ಒಂದು ಮತ್ತು ಮೂರನೇ ಭಾನುವಾರದ ಭೇಟಿಯೂ ಮತ್ತೆ ಶುರುವಾಗಿದೆ. ಮೊದಲನೇ ಸಲ ಅಪ್ಪ ಮಗಳಿಗೆ ಒಂದು ಫ್ರಾಕು ತಂದಿದ್ದನಂತೆ. ಗುಲಾಬಿ ಬಣ್ಣ, ದುಬಾರಿಯದೇ. ಅವತ್ತು ರಾತ್ರಿ ತಂಗಿ ಫೋನ್ ಮಾಡಿದ್ದಳು.

"ಅಕ್ಕಾ, ಅದರ ತೋಳು ಅವಳಿಗೆ ಏರಲೇ ಇಲ್ಲ. ನಾಲ್ಕು ವರ್ಷದ ಮಗು ಸೈಜು. ಅವಳೂ ಪಟ್ಟು ಬಿಡದೆ ತೂರಿಸ್ತಾ ಇದ್ಳು. ಬಯ್ಯೋಣ ಅಂತ ಬಾಯಿಗೆ ಬಂತು, ಆಮೇಲೆ ಸುಮ್ನಾದೆ. ಎಷ್ಟು ಉದ್ದ ಆಗಿದ್ದಾಳೆ ಅಂತ ನಾನು ತೋರಿಸಿದ್ರೆ ತಾನೇ ಅವರಿಗೆ ಗೊತ್ತಾಗೋದು?"

ಮುಂದಿನ ಸಲ ಮಗಳ ಬ್ಯಾಗಿನಲ್ಲಿ ಒಂದು ಚೀಟಿಯಲ್ಲಿ ಅಳತೆ ಬರೆದು ಕಳಿಸಿದಳು.

ಈ ತಿಂಗಳ ಹಣ ಹತ್ತನೇ ತಾರೀಕು ಕಳೆದರೂ ಬಂದಿಲ್ಲ. ಡೈರಿಯಲ್ಲಿ ಗುರುತು ಹಾಕಿ ವಕೀಲರಿಗೆ ತಿಳಿಸಿದ್ದಾಳೆ. ಮೊನ್ನೆ ಭಾನುವಾರ ಮಗಳಿಗೆ ಎರಡು ಜಡೆ ಹಾಕಿ, ಹತ್ತು ಗಂಟೆಗೆ ಸರಿಯಾಗಿ ಗೇಟಿನವರೆಗೆ ಬಿಟ್ಟು ಬಂದಳು.